ನಲ್ಲಿ ಮೂಳೆ ಯಾವ ಬೀಗರಿಗೆ?

ಮಂಡ್ಯ, ಮೈಸೂರು ಕಡೆ ಮದುವೆಯಲ್ಲಿ ಹೋಳಿಗೆ ತಿಂದು ಕೈ ತೊಳೆಯುವಾಗಲೇ ಜನ ಕೇಳುತ್ತಾರೆ: "ಬೀಗರೂಟ ಯಾವತ್ತು?" ತಾಳಿ ಕಟ್ಟುವ ದಿನ ಸಿಹಿಯೂಟ. ಮಾಂಸದ ಬಾಡೂಟ ಆಮೇಲೆ, ಅದೇ ಬೀಗರೂಟ. ಸೋಮವಾರ, ಶನಿವಾರ ಬಾಡು ಮುಟ್ಟದವರು ಜಾಸ್ತಿ, ಅದಕ್ಕೆ ಆ ದಿನಗಳನ್ನು ಬಿಟ್ಟು ಶಾಮಿಯಾನ ಹಾಕಿಸುತ್ತಾರೆ. ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ. ಕುರಿ ಬನ್ನೂರಿನದಾದರೆ ಅದನ್ನೂ ನಾಲ್ಕು ಸಲ ಹೇಳಿಕೊಳ್ಳುತ್ತಾರೆ.

ಅಲ್ಲಿ ಬೀಗರು ಯಾರು ಅಂತ ಕಂಡುಹಿಡಿಯೋದೇ ಕಷ್ಟ. ಹುಡುಗ, ಹುಡುಗಿಯ ಅಪ್ಪಂದಿರು ಬೀಗರು, ಸರಿ. ಅವರ ಅಣ್ಣತಮ್ಮಂದಿರು, ಷಡ್ಡಕರು, ಆ ಷಡ್ಡಕರ ಬೀಗರು, ಟೆಂಪೋದಲ್ಲಿ ಜಾಗ ಇತ್ತು ಅಂತ ಸುಮ್ನೆ ಹತ್ತಿಕೊಂಡ ಪಕ್ಕದ ಮನೆಯವರು, ಆವತ್ತು ಎಲ್ಲರೂ ಬೀಗರೇ. ಯಾರ ಎಲೆಗೆ ಪೀಸ್ ಕಡಿಮೆ ಬಿದ್ದರೂ ವರ್ಷಗಟ್ಟಲೆ ಮಾತು ಕೇಳಬೇಕು.

ತಂಗಿಯ ಬೀಗರೂಟದ ಉಸ್ತುವಾರಿ ನಮ್ಮ ದೊಡ್ಡಪ್ಪನದು. ಮದುವೆಗೆ ಬರಲಾಗದ ಹುಡುಗನ ಸೋದರಮಾವ ಅವತ್ತು ಬರುತ್ತಾರೆ, ಭಾರೀ ಕೋಪಿಷ್ಠರು ಅಂತ ಸುದ್ದಿ ಬಂದಿತ್ತು. ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಹುರಿ ಮೀಸೆ, ಹೆಗಲ ಮೇಲೆ ಟವಲ್ಲು ಹಾಕಿಕೊಂಡ ಒಬ್ಬರು ಬಂದು ನಿಂತರು. ದೊಡ್ಡಪ್ಪ ಓಡಿಹೋಗಿ ಕೈ ಹಿಡಿದುಕೊಂಡು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಆ ಮನುಷ್ಯ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ, "ಮೊದ್ಲು ಊಟ ಮಾಡಿ ಬೀಗ್ರೇ, ಮಾತು ಆಮೇಲೆ" ಅಂದರು. ಹುಡುಕಿ ಹುಡುಕಿ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಹಾಕಿಸಿದರು. ಪಾಪ, ಅವರೂ ಎಷ್ಟು ಅಂತ ಬೇಡ ಅಂದಾರು?

ಅಸಲಿ ಸೋದರಮಾವ ಟೀ ಶರ್ಟು ಹಾಕಿಕೊಂಡು, ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತಿ, ಕೊನೇ ಪಂಕ್ತಿಗೆ ಬಂದರು. ಅಷ್ಟೊತ್ತಿಗೆ ಹಂಡೆಯಲ್ಲಿ ಉಳಿದಿದ್ದು ತಿಳಿ ಸಾರು ಮತ್ತು ಕತ್ತಿನ ಮೂಳೆ. ಸುದ್ದಿ ಸುಳ್ಳಲ್ಲ, ಅವರು ನಿಜಕ್ಕೂ ಕೋಪಿಷ್ಠರು.

ಮೀಸೆಯವರು ಎಲೆಅಡಿಕೆ ಹಾಕಿಕೊಂಡು, ಜೇಬಿನಿಂದ ಚೀಟಿ ತೆಗೆದರು. "ಮರಿ ದುಡ್ಡು ಬಾಕಿ ಇತ್ತಲ್ಲ ಯಜಮಾನ್ರೇ, ಅದಕ್ಕೇ ಬಂದೆ. ಬಾಡು ಚೆನ್ನಾಗಿತ್ತು, ನಮ್ಮ ಮರಿನೇ ಅಲ್ವಾ!"

ಬಾಕಿಯಲ್ಲಿ ಸ್ವಲ್ಪ ಹಿಡಿಯಬೇಕು ಅಂತ ದೊಡ್ಡಪ್ಪ ಬೆಳಗ್ಗೆಯಿಂದ ಲೆಕ್ಕ ಹಾಕಿಕೊಂಡಿದ್ದರು. ಆದರೆ ಊರೆಲ್ಲ ಕೇಳುವ ಹಾಗೆ ಬೀಗರು ಅಂತ ಕರೆದಾಗಿತ್ತು. ಅಂಥವರ ಹತ್ತಿರ ಚೌಕಾಸಿ ಮಾಡೋದು ಹೇಗೆ? ಪೂರ್ತಿ ಎಣಿಸಿ ಕೊಟ್ಟು, ಟೆಂಪೋ ತನಕ ಬಿಟ್ಟು ಬಂದರು.