ಬೇಳೆ ಬೇಗ ಬೆಂದಾಗಲೇ ಗೊತ್ತಾಗಬೇಕಿತ್ತು

ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಿಂದ ಒರೆಗಾನ್‌ನ ಪೋರ್ಟ್‌ಲ್ಯಾಂಡಿಗೆ ಮನೆ ಸಾಗಿಸಿ ಎರಡು ವಾರ ಆಗಿತ್ತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ರೀ, ಇಲ್ಲಿ ನೋಡಿ, ಮೂರೇ ಕೂಗಿಗೆ ಬೇಳೆ ಕರಗಿಹೋಗಿದೆ!” ಕುಕ್ಕರ್ ಹಳೇದೇ. ಬೇಳೆಯೂ ಅಲ್ಲಿಂದ ಹೊತ್ತು ತಂದಿದ್ದ ಪ್ಯಾಕೆಟ್ಟೇ. ಸ್ಯಾನ್ ಆಂಟೋನಿಯೋದಲ್ಲಿ ಐದು ಕೂಗು ಕೂಗಿಸಿದರೂ ಸಾರಿನಲ್ಲಿ ಬೇಳೆ ಕಣ್ಣಿಗೆ ಕಾಣ್ತಿತ್ತು. ನಾನು ಮೊಬೈಲಿನಿಂದ ತಲೆ ಎತ್ತದೆ “ಒಳ್ಳೇದಾಯ್ತು ಬಿಡು, ಗ್ಯಾಸ್ ಉಳೀತು” ಅಂದೆ. ಆ ಮಾತಿಗೆ ಆಮೇಲೆ ಬರೋಬ್ಬರಿ ಹತ್ತೊಂಬತ್ತು ಲೀಟರ್ ಬಿಯರ್ ದಂಡ ತೆತ್ತೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಮನೆಯಲ್ಲಿ ಬಿಯರ್ ಮಾಡ್ತೀನಿ. ಅಮ್ಮನ ಲೆಕ್ಕದಲ್ಲಿ ಇದು ಕಳ್ಳಭಟ್ಟಿ, ನೆಂಟರ ಮುಂದೆ ಬಾಯಿ ಬಿಡಬಾರದ ವಿಷಯ. ಭಟ್ಟಿ ಇಳಿಸೋದೇ ಬೇರೆ, ಅದು ಇಲ್ಲೂ ಅಪರಾಧ. ಬಿಯರ್ ಮಾಡೋಕೆ ಮಾತ್ರ ಕಾನೂನಿನ ಒಪ್ಪಿಗೆ ಇದೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಅದು. ಇಬ್ಬರು ವಯಸ್ಕರಿರುವ ಮನೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೂ ಹೆಚ್ಚು, ತನ್ನ ಬಳಕೆಗೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ ಅಷ್ಟೇ. ಎಲ್ಲ ರಾಜ್ಯಗಳೂ ಒಪ್ಪಿಕೊಳ್ಳೋ ಹೊತ್ತಿಗೆ 2013 ಬಂತು, ಕೊನೆಗೆ ಮಣಿದದ್ದು ಅಲಬಾಮ ಮತ್ತು ಮಿಸಿಸಿಪ್ಪಿ. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಹಾಗಾಗಿ ಇದನ್ನು ಓದಿ ಬೆಂಗಳೂರಿನಲ್ಲಿ ಬಾತ್‌ರೂಮಿನ ಬಕೆಟ್ ಹುಡುಕೋಕೆ ಹೊರಡಬೇಡಿ, ದಯವಿಟ್ಟು.

ಕೆಲಸ ಅಂಥ ಬ್ರಹ್ಮವಿದ್ಯೆ ಏನಲ್ಲ. ರಾಗಿಗೆ ಮೊಳಕೆ ಕಟ್ಟಿ ಒಣಗಿಸ್ತೀವಲ್ಲ, ಹಾಗೆ ಮೊಳೆಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಒಡೆಸಿ 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಸಿಹಿ ನೀರನ್ನು ಬಸಿದುಕೊಂಡು, ಕಹಿ ಮತ್ತು ಘಮ ಕೊಡೋ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಎರಡು ವಾರ ಅದರ ಪಾಡಿಗೆ ಅದು ಗುಳುಗುಳು ಅಂತಿರುತ್ತೆ.

ಇದಕ್ಕೆಲ್ಲ ಬೇಕಾದ್ದು ಆನ್‌ಲೈನ್‌ನಲ್ಲಿ ಸಿಗುತ್ತೆ ನಿಜ. ಆದರೆ ಒಡೆಸೋದು ಅಂದೆನಲ್ಲ, ಅದೇ ಎಡವಟ್ಟಿನ ಜಾಗ. ಬಾರ್ಲಿ ಹಿಟ್ಟಾಗಬಾರದು, ಇಡಿಯಾಗಿಯೂ ಉಳೀಬಾರದು. ಒಳಗಿನ ಕಾಳು ನುಚ್ಚಾಗಬೇಕು, ಮೇಲಿನ ಹೊಟ್ಟು ಹರಿಯದೆ ಹಾಗೇ ಇರಬೇಕು. ಯಾಕಂದರೆ ಬಸಿಯುವಾಗ ಆ ಹೊಟ್ಟೇ ಜರಡಿ. ತೀರಾ ನುಣ್ಣಗೆ ಬೀಸಿಬಿಟ್ಟರೆ ಪಾತ್ರೆಯೊಳಗೆ ಅಂಬಲಿಯಾಗಿ ಒಂದು ಹನಿಯೂ ಕೆಳಗಿಳಿಯಲ್ಲ. ಗಿರಣಿಯ ಎರಡು ರೋಲರ್‌ಗಳ ನಡುವಿನ ಸಂದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಇರಬೇಕು.

ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಹಿಟ್ಟಿನ ಗಿರಣಿಯವರು ಡಬ್ಬ ಇಳಿಸಿಕೊಂಡ ಕೂಡಲೆ ಕೇಳೋರು: “ಯಾತಕ್ಕಪ್ಪಾ? ಚಕ್ಲಿಗಾ, ರೊಟ್ಟಿಗಾ?” ಉತ್ತರ ಹೇಳದೆ ಸ್ವಿಚ್ ಹಾಕ್ತಿರಲಿಲ್ಲ. ಹಿಟ್ಟು ಬೀಳ್ತಿದ್ದಾಗ ಎರಡು ಬೆರಳಲ್ಲಿ ಉಜ್ಜಿ ನೋಡಿ ಕಲ್ಲು ಬಿಗಿ ಮಾಡೋರು. ನಮಗಿಂತ ಮುಂಚೆ ಯಾರಾದರೂ ಮೆಣಸಿನಕಾಯಿ ಹಾಕಿಸಿದ್ದರೆ “ನಿಮ್ಮಮ್ಮ ಬೈತಾರೆ, ಸಂಜೆ ಬಾ” ಅಂತ ವಾಪಸ್ ಕಳಿಸಿದ್ದೂ ಉಂಟು. ಬಿಯರ್ ಸಾಮಾನಿನ ಅಂಗಡಿ ಹುಡುಕುವಾಗ ನಾನು ಹುಡುಕೋದು ಅಂಥ ಗಿರಣಿಯವರನ್ನೇ.

ಪೋರ್ಟ್‌ಲ್ಯಾಂಡಿಗೆ ಬಂದು ಮೊದಲು ಹೊಕ್ಕ ಅಂಗಡಿಯ ಹೆಸರು ಬೇಡ. ಸಾಮಾನಿಗೇನೂ ಬರವಿರಲಿಲ್ಲ. ಫಳಫಳ ಹೊಳೆಯುವ ಸ್ಟೀಲ್ ಹಂಡೆಗಳು, ತಮಾಷೆ ಬರೆದ ಟೀಶರ್ಟುಗಳು. ಆದರೆ ಹಾಪ್ಸ್ ಪೊಟ್ಟಣಗಳು ಕಿಟಕಿ ಪಕ್ಕದ ಗೂಟಕ್ಕೆ ನೇತಾಡ್ತಿದ್ದವು. ಹಾಪ್ಸ್ ಇರಬೇಕಾದ್ದು ಫ್ರೀಜರಿನಲ್ಲಿ. ಗಾಳಿ, ಬಿಸಿ ತಾಗಿ ಹಳತಾದರೆ ಹಳಸಿದ ಚೀಸಿನ ವಾಸನೆ ಹೊಡೆಯುತ್ತೆ. ಮಾಲ್ಟ್ ಒಡೆಸಿಟ್ಟ ಚೀಲವನ್ನೇ ತೋರಿಸಿದರು. ಯಾವತ್ತು ಒಡೆಸಿದ್ದು ಅಂತ ಕೇಳಿದರೆ ಹುಡುಗ ಭುಜ ಕುಣಿಸಿದ. ಯೀಸ್ಟಿನ ತಾರೀಖು ಕಳೆದು ಎರಡು ತಿಂಗಳಾಗಿತ್ತು, ಅದಕ್ಕೆ ರಿಯಾಯಿತಿ ಬೇರೆ. ಹೋದ ತಪ್ಪಿಗೆ ಒಂದು ರಬ್ಬರ್ ಬಿರಡೆ ಕೊಂಡು ಬಂದೆ. ಅದೂ ಅಳತೆ ತಪ್ಪಿತ್ತು.

ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ಈ ಊರಿನಲ್ಲಿದ್ದುಕೊಂಡು ಹೀಗಾ ಅಂತ. ಒರೆಗಾನ್ 1916ರಿಂದಲೇ ಪಾನನಿಷೇಧ ಹೇರಿಕೊಂಡಿದ್ದ ರಾಜ್ಯ. ಅಂಥ ಕಾಲದಲ್ಲಿ, 1918ರಲ್ಲಿ, ಬಿಯರ್ ಸಾಮಾನಿನ ಸ್ಟೈನ್‌ಬಾರ್ಟ್ ಅಂಗಡಿ ಶುರುವಾದ ಊರು ಪೋರ್ಟ್‌ಲ್ಯಾಂಡ್. ಯಾರ ಧೈರ್ಯವೋ ಏನೋ! ಕ್ಯಾಸ್ಕೇಡ್ ಅನ್ನೋ ಹಾಪ್ಸ್ ತಳಿ, ಅಮೆರಿಕದ ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರಿಗೆ ಆ ಚಕ್ಕೋತದಂಥ ಘಮ ಕೊಟ್ಟದ್ದು, ಇದೇ ರಾಜ್ಯದ ಕಾರ್ವಾಲಿಸ್‌ನಲ್ಲಿ ಬೆಳೆದು 1972ರಲ್ಲಿ ಹೊರಬಂತು. ಬಿಯರಿನ ಯೀಸ್ಟ್ ಬೆಳೆಸಿ ಮಾರೋ ವೈಯೀಸ್ಟ್ ಪ್ರಯೋಗಾಲಯ ಇಲ್ಲಿಂದ ಗಂಟೆ ಹಾದಿಯ ಹುಡ್ ರಿವರ್ ಕಡೆ ಇದೆ. ಮನೆ ಪಕ್ಕದಲ್ಲೇ ಹಸು ಕಟ್ಟಿಕೊಂಡು ಹಾಲಿನ ಪುಡಿ ಕಲಸಿ ಕುಡಿದ ಹಾಗಾಯ್ತು.

ಸಿಟ್ಟಿಗೆ ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ನನ್ನ ಕೈಗೆ ಚೆನ್ನಾಗಿ ಹತ್ತಿದ್ದ ಸ್ಟೌಟ್ ಮಾಡಿದೆ, ಕಾಫಿಪುಡಿಯಷ್ಟು ಕಪ್ಪಗೆ ಹುರಿದ ಬಾರ್ಲಿ ಹಾಕಿ ಮಾಡೋ ಬಿಯರ್. ಸ್ಯಾನ್ ಆಂಟೋನಿಯೋದಲ್ಲಿ ಅದಕ್ಕೆ ಒಂದು ಹೆಸರೇ ಇತ್ತು. ಅದೇ ತೂಕ, ಅದೇ ಯೀಸ್ಟ್, ಅದೇ ಹಂಡೆ. ತಿಂಗಳಾದ ಮೇಲೆ ಬಾಟಲಿ ತೆರೆದರೆ ನಾಲಿಗೆ ಚುರ್ ಅಂತು. ಹುಳಿ ಅಲ್ಲ, ಕೆಟ್ಟಿರಲೂ ಇಲ್ಲ. ಕರಟಿದ ಕಾಫಿಗೆ ನಿಂಬೆ ಹಿಂಡಿದ ಹಾಗೆ ಒಂಥರಾ ಒರಟು. ತೊಳೆದದ್ದು ಸರಿಯಿಲ್ಲವೇನೋ ಅಂತ ಹಂಡೆಯನ್ನು ಮೂರು ಸಲ ಉಜ್ಜಿದೆ. ಹೆಂಡತಿ ಒಂದು ಗುಟುಕು ಕುಡಿದು “ಗಿಡಕ್ಕೆ ಹಾಕಿ” ಅಂದಳು.

ಆಫೀಸಿನಲ್ಲೊಬ್ಬರು ಇನ್ನೊಂದು ಅಂಗಡಿ ಹೇಳಿದ್ದರು. ಸೈಕಲ್ ರಿಪೇರಿ ಮತ್ತು ಡ್ರೈಕ್ಲೀನಿಂಗ್ ನಡುವೆ ಸಿಕ್ಕಿಹಾಕಿಕೊಂಡ ಒಂದೂವರೆ ಮಳಿಗೆ. ಬಾಗಿಲು ತೆಗೆದ ಕೂಡಲೆ ಮಾಲ್ಟಿನ ವಾಸನೆ, ಹುರಿಹಿಟ್ಟಿನ ಡಬ್ಬಿ ಮುಚ್ಚಳ ತೆಗೆದ ಹಾಗೆ. ಗಿರಣಿಯ ಕೆಳಗಿನ ಬಕೆಟ್ಟಿಗೆ ಅಂಟುಪಟ್ಟಿ ಸುತ್ತಿ ಸುತ್ತಿ ಮೂಲಬಣ್ಣವೇ ಕಾಣದು. ಗಲ್ಲಾದಲ್ಲಿದ್ದವರಿಗೆ ಅರವತ್ತೈದು ದಾಟಿರಬೇಕು. ನಾನು ತಂದಿದ್ದ ಬಾಟಲಿಯಿಂದ ಒಂದು ಗುಟುಕು ಕುಡಿದರು, ಮುಖ ಕಿವುಚಲಿಲ್ಲ, ಸಭ್ಯಸ್ಥರು.

“ಯಾವ ಊರಿನಿಂದ ಬಂದಿರಿ?”

ಬಣ್ಣ ನೋಡಿ ಎಲ್ಲರೂ ಕೇಳೋ ಪ್ರಶ್ನೆ ಅಂದುಕೊಂಡು “ಇಂಡಿಯಾ” ಅಂದೆ.

“ಅದಲ್ಲ, ಇಲ್ಲಿಗೆ ಬರೋ ಮುಂಚೆ ಯಾವ ಊರಿನ ನಲ್ಲಿ ನೀರಿನಲ್ಲಿ ಬಿಯರ್ ಮಾಡ್ತಿದ್ದಿರಿ?”

ಸ್ಯಾನ್ ಆಂಟೋನಿಯೋ ಅಂದದ್ದೇ ತಡ, ನಕ್ಕುಬಿಟ್ಟರು. ಅಲ್ಲಿನ ನೀರು ಎಡ್ವರ್ಡ್ಸ್ ಅನ್ನೋ ಸುಣ್ಣಕಲ್ಲಿನ ಪದರದಿಂದ ಮೇಲೆ ಬರುವಂಥದ್ದು, ನಮ್ಮ ಬೋರ್‌ವೆಲ್ ನೀರಿನ ಅಣ್ಣ. ಪೋರ್ಟ್‌ಲ್ಯಾಂಡಿನದು ಮೌಂಟ್ ಹುಡ್ ಬದಿಯ ಬುಲ್ ರನ್ ಕಾಡಿನ ಮಳೆನೀರು, ಬಲು ಮೆದು. ಕಪ್ಪಗೆ ಹುರಿದ ಬಾರ್ಲಿಗೆ ಆಮ್ಲದ ಗುಣ ಇದೆ. ಗಡಸು ನೀರಿನ ಕ್ಷಾರ ಅದನ್ನು ತಣಿಸ್ತಿತ್ತು. ಇಲ್ಲಿ ತಣಿಸೋರು ಯಾರೂ ಇಲ್ಲ. ಅಷ್ಟು ವರ್ಷ ನನ್ನ ಕೈಗುಣ ಅಂತ ಬೀಗಿದ್ದು ಆ ಊರಿನ ಸುಣ್ಣದ ಗುಣವಾಗಿತ್ತು.

“ನಿಮ್ಮ ಮನೆಯಲ್ಲಿ ಬೇಕಿಂಗ್ ಸೋಡಾ ಇದೆಯಾ? ಬಾರ್ಲಿ ನೆನೆಸೋ ನೀರಿಗೆ ಚಮಚಕ್ಕಿಂತ ಕಡಿಮೆ ಹಾಕಿ. ಇಲ್ಲಾಂದ್ರೆ ಈ ನೀರಿಗೆ ಒಪ್ಪೋ ತಿಳಿ ಬಣ್ಣದ ಬಿಯರ್ ಮಾಡಿ.” ಅಷ್ಟೇ. ಕೌಂಟರಿನ ಹಿಂದೆ ನೀರು ಸರಿಮಾಡೋ ಉಪ್ಪುಗಳ ಡಬ್ಬಿಗಳು ಸಾಲಾಗಿದ್ದವು, ಒಂದನ್ನೂ ನನ್ನ ತಲೆಗೆ ಕಟ್ಟಲಿಲ್ಲ. ಆಮೇಲೆ ಮಾಲ್ಟ್ ತೂಗಿ, ಗಿರಣಿಗೆ ಸುರಿಯೋ ಮುಂಚೆ ಕೇಳಿದರು: “ಪಾತ್ರೆಯ ತಳಕ್ಕೆ ಜರಡಿ ಇದೆಯಾ, ಬಟ್ಟೆ ಚೀಲದಲ್ಲಿ ನೆನೆಸ್ತೀರಾ?” ಚೀಲ ಆದರೆ ಸ್ವಲ್ಪ ನುಣ್ಣಗೆ ಒಡೆಸಬಹುದು, ಅದಕ್ಕೆ. ನನಗೆ ಕೇಳಿಸಿದ್ದು ಮಾತ್ರ ಚಕ್ಲಿಗಾ, ರೊಟ್ಟಿಗಾ ಅಂತಲೇ.

ಆನ್‌ಲೈನಿಗಿಂತ ಅಲ್ಲಿ ರೇಟು ಜಾಸ್ತಿ, ಒಪ್ಪುತ್ತೇನೆ. ದೊಡ್ಡ ಹಂಡೆ, ಥರ್ಮಾಮೀಟರ್ ಥರದ್ದನ್ನು ನಾನೂ ಕಡಿಮೆ ಸಿಗೋ ಕಡೆಯೇ ತಗೋತೀನಿ, ಹರಿಶ್ಚಂದ್ರ ಏನಲ್ಲ. ಆದರೆ ಮಾಲ್ಟ್, ಯೀಸ್ಟ್, ಹಾಪ್ಸ್ ಮೂರೂ ಇನ್ನು ಅಲ್ಲೇ. ಅಂಗಡಿಯಲ್ಲಿ ಅರ್ಧ ಗಂಟೆ ಪುಕ್ಕಟೆ ಪಾಠ ಹೇಳಿಸಿಕೊಂಡು, ಹೊರಗೆ ಕಾರಿನಲ್ಲಿ ಕೂತು ಮೊಬೈಲಿನಲ್ಲಿ ಆರ್ಡರ್ ಮಾಡೋ ಜಾಣರನ್ನು ನೋಡಿದ್ದೇನೆ. ಅವರ ಬುದ್ಧಿಗೆ ಏನು ಹೇಳಬೇಕೋ ನನಗೆ ತಿಳಿಯದು. ಆ ಪಾಠದ ಬೆಲೆ ಆ ಮಾಲ್ಟಿನ ಬೆಲೆಯಲ್ಲೇ ಸೇರಿದೆ ಸ್ವಾಮಿ.

ಅವತ್ತು ಮನೆಗೆ ಬಂದು ಬೋಂಡಾಕ್ಕೆ ಅಂತ ಇಟ್ಟಿದ್ದ ಸೋಡಾ ಡಬ್ಬಿ ಕೇಳಿದೆ. ಕಥೆಯೆಲ್ಲ ಕೇಳಿದ ಹೆಂಡತಿ “ಬೇಳೆ ಬೆಂದ ದಿನವೇ ಹೇಳಿದ್ನಲ್ಲ” ಅಂದಳು. ಉತ್ತರ ಇರಲಿಲ್ಲ.

ಹೊಸ ಸ್ಟೌಟ್ ಕಳೆದ ಶನಿವಾರ ಕುಡಿಯೋ ಹದಕ್ಕೆ ಬಂತು. ಒರಟೆಲ್ಲ ಹೋಗಿ ಗಂಟಲಿಗೆ ನಯವಾಗಿ ಇಳಿಯಿತು. ಖುಷಿಯಲ್ಲಿ ಒಂದು ಬಾಟಲಿ ಅಂಗಡಿಯವರಿಗೆ ಕೊಟ್ಟು ಬಂದೆ. ಗ್ಲಾಸಿಗೆ ಬಗ್ಗಿಸಿ, ಮೂಸಿ, ಎರಡು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಕಣ್ಣಳತೆಯಲ್ಲಿ ಹಾಕಿದಿರಾ? ಸೋಡಾ ಒಂದು ಚಿಟಿಕೆ ಜಾಸ್ತಿ ಆಗಿದೆ.”