ಣ ಅಕ್ಷರದಲ್ಲಿ ಒಂದು ಹತ್ತು ಹೆಸರು

ಕನ್ನಡ ಎಂ.ಎ. ಮಾಡಿದವರಿಗೆ ಕೆಲಸ ಸಿಗಲ್ಲ ಅಂತಾರೆ. ಶುದ್ಧ ಸುಳ್ಳು. ಕೆಲಸ ಬೇಕಾದಷ್ಟಿದೆ, ಸಂಬಳ ಇಲ್ಲ ಅಷ್ಟೆ. ನೆಂಟರಲ್ಲಿ ಯಾರ ಮನೇಲಿ ಮಗು ಹುಟ್ಟಿದರೂ ಮೊದಲ ಫೋನು ಅಜ್ಜಿಗೆ, ಎರಡನೆಯದು ನನಗೆ. “ಅಕ್ಕಾ, ಒಂದೊಳ್ಳೆ ಹೆಸರು ಹೇಳು, ಸ್ವಲ್ಪ ಯುನೀಕ್ ಆಗಿರಲಿ.” ನಾನು ಹೇಳುತ್ತೇನೆ. ಅವರು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಫೋನಿನಲ್ಲಿ ಹುಡುಕಿ ಬೇರೆ ಇಡುತ್ತಾರೆ. ಹೀಗೆ ಇಲ್ಲಿಯವರೆಗೆ ಹದಿನಾಲ್ಕು ಮಕ್ಕಳಿಗೆ ನಾನು ಹೆಸರಿಟ್ಟಿಲ್ಲ.

ಈ ಸಲ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹುಟ್ಟಿದ್ದು ಸ್ವಂತ ತಮ್ಮನ ಮಗ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನೇ. ಹೋದ ಭಾನುವಾರ ಅದೂ ಮುಗಿಯಿತು. ನಾಲಿಗೆ ಮಾತ್ರ ಇನ್ನೂ ಸರಿಹೋಗಿಲ್ಲ.

ಮಗುವಿನದು ಹಸ್ತಾ ನಕ್ಷತ್ರ, ಮೂರನೇ ಪಾದ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108, ಪಾದಕ್ಕೊಂದು ಅಕ್ಷರ. ಹಸ್ತಕ್ಕೆ ಪು, ಷ, ಣ, ಠ. ಒಂದು ಪಾದ ದಾಟೋಕೆ ಚಂದ್ರನಿಗೆ ಹೆಚ್ಚುಕಮ್ಮಿ ಆರು ಗಂಟೆ ಬೇಕು. ಮಹಾಶಯ ಆರು ಗಂಟೆ ಮೊದಲು ಬಂದಿದ್ದರೆ ಷಣ್ಮುಖ ಅಂತಿಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಬಂದದ್ದು ಣ-ದಲ್ಲಿ. ಜೋಯಿಸರು ಚೀಟಿ ಮೇಲೆ ದಪ್ಪಗೆ ‘ಣ’ ಅಂತ ಬರೆದು ಕೊಟ್ಟರು. ತಮ್ಮ ಅದರ ಫೋಟೋ ಹೊಡೆದು ನನಗೆ ಕಳಿಸಿ, “ಅಕ್ಕ, ಈ ಲೆಟರ್‌ದು ಒಂದು ಹತ್ತು ಹೆಸರು” ಅಂದ, ಈರುಳ್ಳಿ ತೂಕ ಹಾಕಿಸುವವನ ಹಾಗೆ.

ಕನ್ನಡದಲ್ಲಿ ಯಾವ ಪದ ತಾನೇ ಣ-ದಿಂದ ಶುರುವಾಗುತ್ತೆ? ‘ಣಕಾರ’ ಅನ್ನಬಹುದು, ಅದೂ ಆ ಅಕ್ಷರದ್ದೇ ಹೆಸರು. ಪ್ರಾಕೃತಕ್ಕೆ ಹೋದರೆ ಜೈನರ ಣಮೋಕಾರ ಮಂತ್ರ ಸಿಗುತ್ತೆ, ಅಲ್ಲಿ ನಕಾರ ಣಕಾರ ಆಗುತ್ತೆ ಕಣೋ ಅಂತ ಏಳು ನಿಮಿಷದ ವಾಯ್ಸ್ ಮೆಸೇಜು ಕಳಿಸಿದೆ. ಅವನು ಒಂದು ಹೆಬ್ಬೆಟ್ಟು ಕಳಿಸಿದ. ಕೊನೆಗೆ ಜೋಯಿಸರೇ, “ಣ ಸಿಗದಿದ್ದರೆ ನ ಇಡಿ, ಅದೂ ಬೇಡದಿದ್ದರೆ ನಿಮಗೆ ಬೇಕಾದ್ದು ಇಡಿ. ಅರ್ಚನೆ ಮಾಡಿಸೋವಾಗ ನಕ್ಷತ್ರ ಹೇಳಿದರೆ ಸಾಕು” ಅಂದುಬಿಟ್ಟರು. ಈ ಇಡೀ ಪ್ರಕರಣದಲ್ಲಿ ತಲೆ ನೆಟ್ಟಗಿದ್ದದ್ದು ಅವರೊಬ್ಬರಿಗೇ.

ಬೇಕಾದ್ದು ಇಡಿ ಅಂದಮೇಲೆ ಬಾಗಿಲು ತೆರೆದ ಹಾಗಾಯಿತು. ನಾನು ‘ಪೃಥು’ ಅಂದೆ. ಹುಡುಕಿ ನೋಡಿ, “ದಪ್ಪ, ಅಗಲ ಅಂತಾನೂ ಬರುತ್ತಂತೆ, ಬೇಡ.” ‘ರನ್ನ’, ರತ್ನದ ತದ್ಭವ, ಬಾಯಿ ತುಂಬ ಕರೆಯಬಹುದು ಅಂದೆ. “ಕ್ರಿಕೆಟ್ ಆಡೋವಾಗ ರನ್ನ ರನ್ ಔಟ್ ಅಂತ ರೇಗಿಸ್ತಾರೆ.” ‘ಪಂಪ’ ಅನ್ನೋಕೆ ಬಾಯಿ ತೆರೆದವಳು ಬೋರ್‌ವೆಲ್ ನೆನಪಾಗಿ ನಾನೇ ಮುಚ್ಚಿಕೊಂಡೆ. ನಮ್ಮ ಮೈಸೂರಿನ ಅರಸರಿಗೆ ಈ ತಲೆನೋವೇ ಇರಲಿಲ್ಲ ನೋಡಿ. ಚಾಮರಾಜ, ಕೃಷ್ಣರಾಜ ಅಂತ ಎರಡು ಹೆಸರು ಹಿಡಿದುಕೊಂಡು, ಇಮ್ಮಡಿ, ಮುಮ್ಮಡಿ, ನಾಲ್ವಡಿ ಅಂತ ಎಣಿಸುತ್ತಾ ಹೋದರು. ಯುನೀಕ್ ಆಗಿರೋಕೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದರೆ ಸಾಕಿತ್ತು, ಹೆಸರು ಯುನೀಕ್ ಆಗಬೇಕಿರಲಿಲ್ಲ.

ಫೋನಿನಲ್ಲಿ ಸಿಗುವ ಅರ್ಥಗಳ ಬಗ್ಗೆ ನನಗೊಂದು ಹಳೇ ಸಿಟ್ಟಿದೆ. ಅಲ್ಲಿ ಯಾವ ಹೆಸರು ಹಾಕಿದರೂ ಮೂರರಲ್ಲಿ ಒಂದು ಅರ್ಥ ಬರುತ್ತೆ: ವಿಷ್ಣು, ಸೂರ್ಯ, ಇಲ್ಲಾ ‘ಬೇರೆ ಯಾರೂ ಇಲ್ಲದಂಥವನು’. ಬೇರೆ ಯಾರೂ ಇಲ್ಲ ಅನ್ನೋದಕ್ಕೆ ‘ಅನನ್ಯ’ ಅನ್ನುವ ಚಂದದ ಪದ ಇತ್ತು. ನನ್ನ ಕ್ಲಾಸಿನಲ್ಲಿ ಈಗ ಅನನ್ಯ ಎಸ್., ಅನನ್ಯ ಎಂ., ಅನನ್ಯ ಪಿ. ಇದ್ದಾರೆ, ಮೊನ್ನೆ ಇನ್ನೊಬ್ಬಳು ಎಂ. ಬಂದಳು. ವಿಹಾನ್ ಅಂದರೆ ಬೆಳಗಿನ ಜಾವ, ಭೋಜಪುರಿಯವರು ಇವತ್ತಿಗೂ ಬಿಹಾನ್ ಅಂತಾರೆ, ಅದು ಪರವಾಗಿಲ್ಲ. ಆದರೆ ಕನ್ನಡ ಕಿವಿಗೆ ಬೀಳೋದು ‘ವಿಹೀನ’. ತಮ್ಮನ ಹೆಂಡತಿಯ ಗೆಳತಿ ಮಗಳಿಗೆ ಕಿಯಾರಾ ಅಂತ ಇಟ್ಟು ನನ್ನನ್ನು ಅರ್ಥ ಕೇಳಿದರು. ಇಟಲಿಯದಾದರೆ ತಿಳಿ, ಬೆಳಕು ಅಂತ, ಅದೇ ಥರದ ಐರ್ಲೆಂಡಿನ ಹೆಸರಾದರೆ ಕಪ್ಪು ಅಂತ ಹೇಳಿದೆ. ಕೇಳಿದ್ದಕ್ಕೆ ಹೇಳಿದ್ದು. ಆವತ್ತಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ.

ಇಷ್ಟರ ಮಧ್ಯೆ ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದಿದೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರನ್ನು ಮಾತ್ರ ಆಮೇಲೆ ಸೇರಿಸಬಹುದು, 12 ತಿಂಗಳವರೆಗೆ ಶುಲ್ಕವಿಲ್ಲ, ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶ ಇದೆ ಅಂತ ತಮ್ಮನಿಗೆ ಹೇಳಿಬಿಟ್ಟೆ. ಎಸೆಸೆಲ್ಸಿ ಹಾಲ್ ಟಿಕೆಟ್ಟು ಬರುವ ಹೊತ್ತಿನವರೆಗೂ ಹುಡುಕಬಹುದು ಅಂತ ಗೊತ್ತಾದ ಮೇಲೆ ಅವನನ್ನು ಹಿಡಿಯೋರು ಯಾರು? ಮೂರು ತಿಂಗಳಾದರೂ ಲಸಿಕೆ ಕಾರ್ಡಿನಲ್ಲಿ ಮಗು ‘ಬೇಬಿ ಆಫ್’ ಆಗಿಯೇ ಇತ್ತು.

ಆಗ ಶುರುವಾಯಿತು ಕೂಗುವ ಪರೀಕ್ಷೆ. ಹೆಸರು ಬರೆದಾಗ ಹೇಗಿದೆ ಅನ್ನೋದಲ್ಲ, ಕೂಗಿದಾಗ ಹೇಗಿದೆ ಅನ್ನೋದು ಮುಖ್ಯ ಅಂತ ಯಾವುದೋ ವಿಡಿಯೋ ನೋಡಿದ್ದನಂತೆ. ದಿನಾ ಬೆಳಿಗ್ಗೆ ಕಾಫಿ ಕುಡಿದು ಬಾಲ್ಕನಿಯಲ್ಲಿ ನಿಂತು, ಬೀದಿಯಲ್ಲಿ ಆಡುತ್ತಿರುವ ಮಗನನ್ನು ಊಟಕ್ಕೆ ಕರೆಯುವ ಹಾಗೆ ಒಂದೊಂದು ಹೆಸರು ಕೂಗುವುದು. ಮಗ ಒಳಗೆ ತೊಟ್ಟಿಲಲ್ಲಿ ಬೆಚ್ಚಿಬಿದ್ದು ಅಳುವುದು. “ನೋಡು, ರೆಸ್ಪಾಂಡ್ ಮಾಡ್ತಾನೆ” ಅಂತ ಇವನು ಹಿಗ್ಗುವುದು.

ಒಂದು ಬುಧವಾರ ‘ಅವ್ಯಾನ್’ ಸರದಿ. ನಾನು ಅಡುಗೆಮನೆಯಲ್ಲಿ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದೆ. ಇವನು ಗಂಟಲು ಸರಿಮಾಡಿಕೊಂಡು, “ಅವ್ಯಾನ್! ಅವ್ಯಾ...ನ್! ಬಂದ್ಯಾ?” ಅಂದ. ಎದುರುಮನೆಯಲ್ಲಿ ಏನೋ ಉರುಳಿದ ಸದ್ದು. “ಏಳೇ, ವ್ಯಾನ್ ಬಂತಂತೆ!” ಅಂತ ಅಲ್ಲಿನ ಯಜಮಾನರ ದನಿ. ಮರುಕ್ಷಣ ಗೇಟು ದಡಾರನೆ ತೆರೆದು ಮೊಮ್ಮಗಳು ಆಚೆ ಬಿದ್ದಳು. ಒಂದು ಜಡೆ ಆಗಿದೆ, ಇನ್ನೊಂದು ಕಡೆ ಕೂದಲು ಕೆದರಿಕೊಂಡಿದೆ, ಬಾಯಲ್ಲಿ ಅರ್ಧ ದೋಸೆ. ಹಿಂದೆಯೇ ಬಾಚಣಿಗೆ ಹಿಡಿದ ಅಜ್ಜಿ, ಅವರ ಹಿಂದೆ ಟಿಫನ್ ಬ್ಯಾಗು ಹಿಡಿದ ತಾತ. ಮೂವರೂ ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಕರಿ ನಾಯಿ ಒಂದು ಬಿಟ್ಟರೆ ಏನೂ ಇಲ್ಲ.

“ಎಲ್ಲಪ್ಪಾ ಇದೆ?” ಅಂತ ತಾತ ಮೇಲೆ ನೋಡಿದರು.

“ಏನು ಅಂಕಲ್?”

“ವ್ಯಾನು. ಆ ವ್ಯಾನ್, ಆ ವ್ಯಾನ್ ಅಂತ ನೀನೇ ಕೂಗಿದೆಯಲ್ಲ.”

“ಅದು ನಮ್ಮ ಮಗೂ ಹೆಸರು ಅಂಕಲ್. ಇಟ್ಟಿಲ್ಲ, ಚೆಕ್ ಮಾಡ್ತಿದ್ದೆ.”

ತಾತ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು ಒಳಗೆ ಹೋದರು. ಹತ್ತು ನಿಮಿಷಕ್ಕೆ ನಿಜವಾದ ವ್ಯಾನು ಬಂತು. ಡ್ರೈವರ್ “ವ್ಯಾನ್, ವ್ಯಾನ್” ಅಂತ ಎರಡು ಸಲ ಕೂಗಿದ. ಎದುರುಮನೆಯಲ್ಲಿ ಒಬ್ಬರೂ ಏಳಲಿಲ್ಲ, ಇವನೇ ಅಂದುಕೊಂಡರು. ಆವತ್ತು ಮೊಮ್ಮಗಳನ್ನು ತಾತ ಸ್ಕೂಟರಿನಲ್ಲಿ ಬಿಟ್ಟು ಬಂದರು. ಆಮೇಲೆ ಅವರು ಎಲ್ಲಿ ಸಿಕ್ಕರೂ ಕೇಳುವುದು ಒಂದೇ: “ವ್ಯಾನ್ ಹೇಗಿದೆಯಮ್ಮ? ಹಾಲು ಗೀಲು ಕುಡೀತಿದೆಯಾ?”

ನಾಮಕರಣಕ್ಕೆ ಮೂರು ದಿನ ಮೊದಲೇ ಪಾಂಡವಪುರದ ಕಡೆಯಿಂದ ನಮ್ಮಜ್ಜಿ ಬಂದಿದ್ದಳು. ರಾತ್ರಿ ಹೆಸರಿನ ಜಗಳ ಕೇಳಿ ಕೇಳಿ ಸಾಕಾಗಿ, “ಅರ್ಥ ಯಾಕವ್ವ ಬೇಕು ಅಷ್ಟೊಂದು? ಕರುದ್ರೆ ತಿರುಗುದ್ರೆ ಆಯ್ತು” ಅಂದಳು. ಅಜ್ಜಿಯ ಹೆಸರು ಸಾಕಮ್ಮ. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದಾಗ ಅವರಪ್ಪ ‘ಸಾಕು’ ಅಂದರಂತೆ, ಅದೇ ನಿಂತಿತು. ಅವಳ ತಮ್ಮ ತಿಪ್ಪಯ್ಯ. ಅವನಿಗಿಂತ ಮೊದಲು ಹುಟ್ಟಿದ ಎರಡು ಗಂಡು ಉಳಿಯಲಿಲ್ಲ. ಇದಾದರೂ ಜವರಾಯನ ಕಣ್ಣಿಗೆ ಬೀಳದಿರಲಿ ಅಂತ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ಹಾಗೆ ಕರೆದರು. “ನನ್ನೆಸ್ರಿಗೆ ಏನರ್ಥ ಅಂತ ಯಾರ್ನೂ ಕೇಳಂಗಿರ್ಲಿಲ್ಲ ಕಣವ್ವ. ಇಸ್ಕೂಲಲ್ಲಿ ಮೇಷ್ಟ್ರು ಕರೀವಾಗ ಎಲ್ರೂ ನಗೋರು” ಅಂದವಳು ಎಲೆಯಡಿಕೆ ಸಂಚಿ ಬಿಚ್ಚಿಕೊಂಡಳು. ಆ ರಾತ್ರಿ ಯಾರೂ ಫೋನು ಮುಟ್ಟಲಿಲ್ಲ. ಮಾರನೇ ಬೆಳಿಗ್ಗೆ ಮುಟ್ಟಿದರು.

ಶನಿವಾರ ರಾತ್ರಿ ಹನ್ನೊಂದಕ್ಕೆ ಹೆಸರು ಗಟ್ಟಿಯಾಯಿತು: ರಿಯಾನ್ಶ್. ಸೂರ್ಯನ ಅಂಶ ಅಂತ ಅರ್ಥವಂತೆ. “ಅಂಶ ಇದೆ ಸರಿ, ಸೂರ್ಯ ಎಲ್ಲೋ?” ಅಂದೆ. “ಸೂರ್ಯನಲ್ಲಿ ‘ರ್ಯ’ ಇಲ್ವಾ ಅಕ್ಕ?” ಅಂದ. ನನ್ನ ಎಂ.ಎ. ಅಲ್ಲಿಗೆ ತೀರಿಕೊಂಡಿತು.

ಭಾನುವಾರ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರ ಕೊಟ್ಟು ಬರಿ ಅಂದರು. ‘ರಿ’ ಬಂತು, ‘ಯಾ’ ಬಂತು. ‘ನ್ಶ್’ ಹತ್ತಿರ ಕೈ ನಿಂತಿತು. ನ ಕೆಳಗೆ ಶ ಒತ್ತು ಎಳೆಯಲು ಹೋದರೆ ಮೇಲಿನ ಅಕ್ಕಿ ಜಾರಿ ನ ಮುಚ್ಚಿಹೋಗುತ್ತಿತ್ತು. ನ ತಿದ್ದಿದರೆ ಒತ್ತು ತಟ್ಟೆಯ ಅಂಚು ಹತ್ತುತ್ತಿತ್ತು. ರಿಯಾಂಶ್ ಅಂತ ಸೊನ್ನೆ ಇಟ್ಟು ಮುಗಿಸಲಾ ಅಂದರೆ, ನ್ಯೂಮರಾಲಜಿ ಕೆಡುತ್ತೆ ಅಂತ ತಮ್ಮ. ಕೊನೆಗೆ ಕೋಳಿ ಕೆದಕಿದ ಹಾಗಿದ್ದ ಆ ಅಕ್ಕಿಗೆ ಅರಿಶಿನ ಕುಂಕುಮ ಹಾಕಿ ಮುಂದೆ ಹೋದೆವು.

ಕಿವಿಯ ಹತ್ತಿರ ಬಗ್ಗಿ ಮೊದಲ ಸಲ ಹೇಳಿದೆ. ಉಗುಳು ಹಾರಿ ಮಗುವಿನ ಕಿವಿ ಒರೆಸಬೇಕಾಯಿತು. ಎರಡನೇ ಸಲ ಸ್ವಲ್ಪ ಜೋರಾಗಿಯೇ ಅಂದೆ. ಹಿಂದಿನಿಂದ ಯಾರೋ ದೊಡ್ಡಮ್ಮ, “ಅಯ್ಯೋ, ಶುಭಕಾರ್ಯದಲ್ಲಿ ಒಂಟಿ ಸೀನು! ಇನ್ನೊಂದು ಸೀನಿಬಿಡಮ್ಮ” ಅಂದರು. ಇನ್ನೊಂದು ಸೀನಿದೆ. ಅಲ್ಲಿಗೆ ಮೂರಾಯಿತು.

ಆಮೇಲೆ ಅಜ್ಜಿ ಬಗ್ಗಿ, ಎಲೆಯಡಿಕೆ ವಾಸನೆಯ ಬಾಯಲ್ಲಿ, “ಏನ್ಲಾ ರಾಯಣ್ಣ!” ಅಂದಳು. ಮಗು ಕತ್ತು ತಿರುಗಿಸಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

“ಅಜ್ಜಿ, ರಾಯಣ್ಣ ಅಲ್ಲ, ರಿಯಾನ್ಶ್.”

“ನಾನೂ ಅದ್ನೇ ಅಂದಿದ್ದು ಕಣ್ಲಾ. ರಾಯಣ್ಣ.”

ಊಟದ ಹೊತ್ತಿಗೆ ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ರಾಯಣ್ಣ ಮಲಗಿದ್ನಾ, ರಾಯಣ್ಣಂಗೆ ಸೆಕೆ ಆಗುತ್ತೆ ಫ್ಯಾನ್ ಹಾಕಿ ಅಂತ ಶುರುವಾಗಿತ್ತು. ತಮ್ಮ ಮುಖ ಊದಿಸಿಕೊಂಡು ಕೋಸಂಬರಿ ಬಡಿಸುತ್ತಿದ್ದ. ಜೋಯಿಸರು ಹೋಳಿಗೆ ಮುರಿಯುತ್ತಿದ್ದವರು ತಲೆಯೆತ್ತಿ, “ಮುಂದೆ ಬರದಿದ್ದರೇನಂತೆ, ಹಿಂದೆ ಬಂತಲ್ಲ. ಅದೂ ಒಂದಲ್ಲ, ಒತ್ತು ಸೇರಿ ಎರಡು ಣ” ಅಂದು, ತುಪ್ಪಕ್ಕೆ ಕೈ ಚಾಚಿದರು.