ಹರಾಜು ಕೂಗುವ ಹುಡುಗನಿಗೂ ಲೆಕ್ಕ ತೋರಿಸಿ

ತುಮಕೂರಿನ ನಮ್ಮ ಚರ್ಚ್ ಸಭೆಯಲ್ಲಿ ಯುವಕರಿಗೆ ಕೆಲಸ ಕೊಡುವುದಿಲ್ಲ ಅಂತ ಯಾರೂ ದೂರುವಂತಿಲ್ಲ. ಕ್ರಿಸ್‌ಮಸ್ ನಕ್ಷತ್ರ ಕಟ್ಟೋದು ಅವರು, ಚಳಿಯಲ್ಲಿ ಮನೆಮನೆಗೆ ಕ್ಯಾರಲ್ ಹಾಡಿಕೊಂಡು ಹೋಗೋದು ಅವರು, ಬೇಸಿಗೆ ರಜೆಯ ಬೈಬಲ್ ಶಿಬಿರವಾದ ವಿಬಿಎಸ್‌ನಲ್ಲಿ ಮಕ್ಕಳನ್ನು ಹಿಡಿದು ಕೂರಿಸೋದೂ ಅವರೇ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ, ಬಾಳೆಗೊನೆ, ನಾಟಿಕೋಳಿ ಎತ್ತಿ ಹಿಡಿದು ಕೂಗಿ ಕೂಗಿ ಒಬ್ಬ ಹುಡುಗನ ಗಂಟಲು ಕಟ್ಟಿಹೋಗುತ್ತದೆ. ಬಂದ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಅವನೇ ಕೇಳಿದರೆ? "ಅದೆಲ್ಲ ಕಮಿಟಿ ನೋಡ್ಕೊಳ್ಳುತ್ತಪ್ಪ, ನೀನು ಆ ಮೈಕ್ ಸ್ವಲ್ಪ ಸರಿಮಾಡು."

ನಾನೀಗ ಇರುವುದು ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ. ಇಲ್ಲಿನ ವ್ಯುರ್ಟೆಂಬರ್ಗ್ ಪ್ರಾಟೆಸ್ಟೆಂಟ್ ಸಭೆಯಲ್ಲಿ ಆರು ವರ್ಷಕ್ಕೊಮ್ಮೆ ಚುನಾವಣೆ. 14 ವರ್ಷ ತುಂಬಿದವರಿಗೆ ಮತ, 18 ತುಂಬಿದವರು ಸಭಾ ಸಮಿತಿಗೆ ನಿಲ್ಲಬಹುದು. 2021ರಲ್ಲಂತೂ ಇಡೀ ಜರ್ಮನಿಯ ಪ್ರಾಟೆಸ್ಟೆಂಟ್ ಮಹಾಸಭೆ ಅನ್ನಾ-ನಿಕೋಲ್ ಹೈನ್‌ರಿಶ್ ಎಂಬ ವಿದ್ಯಾರ್ಥಿನಿಯನ್ನು ಅಧ್ಯಕ್ಷೆಯಾಗಿ ಆರಿಸಿತು. ಆಕೆಗೆ ಆಗ 25. ನಮ್ಮಲ್ಲಿ ಆ ವಯಸ್ಸಿಗೆ ಯುವಜನ ಕೂಟದ ಕಾರ್ಯದರ್ಶಿ ಆದರೆ ಅದೇ ದೊಡ್ಡದು.

ಹಾಗಂತ ಇಲ್ಲಿಯದೆಲ್ಲ ಚಿನ್ನವಲ್ಲ. ಭಾನುವಾರ ಆರಾಧನೆಗೆ ಹೋದರೆ ಬೆಂಚುಗಳು ಖಾಲಿ. ಮತದ ಹಕ್ಕಿದೆ, ಹಾಕಲು ಬರುವ ಹುಡುಗರು ಕಮ್ಮಿ. ದುಡ್ಡಿನ ದಾರಿಯೂ ಬೇರೆ: ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ. 8ರಷ್ಟು ಸಭಾ ತೆರಿಗೆಯನ್ನು ಸರ್ಕಾರವೇ ವಸೂಲಿ ಮಾಡಿಕೊಡುತ್ತದೆ. ನಮ್ಮೂರಲ್ಲಿ ಸಭೆ ನಡೆಯುವುದು ತಿಂಗಳ ಚಂದಾ, ಕಾಣಿಕೆಗಳಿಂದ. ಕೊಟ್ಟವರು ಹಿರಿಯರು, ಹಿಡಿತವೂ ಅವರದೇ. ತಾವು ಕೊಟ್ಟ ದುಡ್ಡು ಹುಡುಗರ ಕೈಗೆ ಹೋದರೆ ಹೇಗೋ ಎಂಬ ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಯಾಕೆಂದರೆ ಮಿಷನರಿಗಳ ಕಾಲವನ್ನು ನೆನೆದು ಕಣ್ಣೊರೆಸಿಕೊಳ್ಳುವವರೂ ಇವರೇ. 1839ರಲ್ಲಿ ಇಂಗ್ಲೆಂಡಿನಿಂದ ಹೊರಟು ತುಮಕೂರಿನ ಪಕ್ಕದ ಗುಬ್ಬಿಗೆ ಬಂದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್‌ಗೆ ಆಗ ಬರೀ 20 ವರ್ಷ. ಇವತ್ತು ಅದೇ ವಯಸ್ಸಿನ ಗುಬ್ಬಿಯ ಹುಡುಗಿ ಬಜೆಟ್ ಬಗ್ಗೆ ಬಾಯಿಬಿಟ್ಟರೆ "ಇನ್ನೂ ಚಿಕ್ಕೋಳು" ಅನ್ನುತ್ತಾರೆ.

ಯುವಜನ ಭಾನುವಾರ ಅಂತ ವರ್ಷಕ್ಕೊಂದು ದಿನ ಪ್ರಸಂಗಪೀಠ ಬಿಟ್ಟುಕೊಟ್ಟು, ಅಯ್ಯನವರು (ಪಾದ್ರಿಗಳು) ಬೆನ್ನು ತಟ್ಟಿ ಕಳಿಸುವುದು ಸಾಕಿನ್ನು. ಕಮಿಟಿಯಲ್ಲಿ 25ರೊಳಗಿನವರಿಗೆ ಎರಡು ಸ್ಥಾನ ಕೊಡಿ, ಒಬ್ಬರ ಸಹಿ ಚೆಕ್ಕಿನ ಮೇಲೂ ಇರಲಿ. ತಪ್ಪು ಮಾಡಿದರೆ ಪಕ್ಕದಲ್ಲಿ ಖಜಾಂಚಿ ಅಂಕಲ್ ಇದ್ದೇ ಇರುತ್ತಾರಲ್ಲ.

"ಅವರೆಲ್ಲಿ ನಿಲ್ಲುತ್ತಾರೆ, ಬೆಂಗಳೂರಿಗೆ ಓಡುತ್ತಾರೆ" ಅನ್ನುವುದು ಹಳೆಯ ನೆಪ. ಬೆಳಿಗ್ಗೆ ರೈಲು ಹತ್ತಿದವರಲ್ಲಿ ಎಷ್ಟೋ ಜನ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಬುಧವಾರ ಮಧ್ಯಾಹ್ನ ಮೂರಕ್ಕೆ ಮೀಟಿಂಗ್ ಕರೆದು, ಯುವಕರು ಗೈರುಹಾಜರು ಅಂತ ನಡಾವಳಿ ಬರೆದರೆ ಹೇಗೆ? ಭಾನುವಾರ ಆರಾಧನೆ ಮುಗಿದ ಮೇಲೆ ಕರೆಯಿರಿ, ಲೆಕ್ಕದ ಪುಸ್ತಕ ಮೇಜಿನ ಮೇಲಿರಲಿ.